ನಾಲ್ಕು ಪಾಲಿನ ತೋಟ

ಹಿತ್ತಿಲ ಬಾಗಿಲ ಮೆಟ್ಟಿಲಿನಿಂದ
ಫೆಬ್ರವರಿ ೧೧, ಮಂಗಳವಾರ, ಬೆಳಗಿನ ಹತ್ತೂವರೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬಲಗಣ್ಣಿನ ಪೊರೆ ತೆಗೆಸಿಕೊಂಡೆಯೆಂದು ಅತ್ತಿಗೆಯ ಕಾರ್ಡಿನಿಂದ ತಿಳಿಯಿತು. ಇನ್ನು ಸೂಜಿಗೆ ದಾರ ಪೋಣಿಸಲು ಯಾರನ್ನೂ ಕೂಗಬೇಕಾಗಿಲ್ಲ. ಹಾಗಂತ ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಹೊಲಿಗೆ ಮಿಷನ್ನಿನ ಮುಂದೆ ಕೂತುಬಿಡಬೇಡ, ನೀನು ಕೂರುವವನೇ. ಈ ಕಾಗದವನ್ನೂ ಒಂದೇ ಉಸಿರಿಗೆ ಓದಬೇಡ, ಅತ್ತಿಗೆಯಿಂದ ಓದಿಸಿಕೋ. ಅವರ ಮಂಡಿನೋವು ಹೇಗಿದೆ? ನನಗೆ ಬಿಪಿ ಒಂದನ್ನು ಬಿಟ್ಟರೆ ತೊಂದರೆಯಿಲ್ಲ. ಅದೂ ಅಳೆಯುವಾಗ ಮಾತ್ರ ಏರುತ್ತದೆ, ಉಳಿದ ಹೊತ್ತಿನಲ್ಲಿ ಎಲ್ಲಿರುತ್ತದೋ ಗೊತ್ತಿಲ್ಲ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಉಪ್ಪು ಒಂದೋ ಎರಡು ಸಲ ಬೀಳುತ್ತದೆ, ಇಲ್ಲವೋ ಬೀಳುವುದೇ ಇಲ್ಲ.

ಹತ್ತೊಂಬತ್ತು ವರ್ಷಗಳ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹಿತ್ತಿಲ ಗೋಡೆ ನಿನ್ನ ಪಾಲಿನೊಳಗೆ ಒಂದಡಿ ಬಂದಿದೆ ಎಂದು ನೀನು, ಸರಿಯಾಗಿ ನಡುವೆಯೇ ಇದೆ ಎಂದು ನಾನು. ಅಷ್ಟಕ್ಕೇ ನೀನು ನಿನ್ನ ಅರ್ಧ ಮನೆಗೆ ಬೀಗ ಹಾಕಿಕೊಂಡು ಬೇರೆ ಊರಿಗೆ ಹೋದೆ. ನನ್ನವಳು ಹೋದಾಗ ನೀನು ಬಂದು, ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು, ಹಾಗೇ ತಿರುಗಿ ಹೋದೆ ಎಂದು ಎದುರುಮನೆಯವರು ಆಮೇಲೆ ಹೇಳಿದರು. ನಾನು ನೋಡಲಿಲ್ಲ. ನೋಡಿದ್ದರೆ ಕರೆಯುತ್ತಿದ್ದೆನೋ ಇಲ್ಲವೋ, ಅದನ್ನೂ ಈಗ ಹೇಳಲಾರೆ. ಇರಲಿ. ಹಳೆಯದನ್ನು ಕೆದಕಲು ಕೂತಿಲ್ಲ. ತೋಟದ ಸುದ್ದಿ ಹೇಳಬೇಕಿತ್ತು.

ತೋಟದ ಹುಚ್ಚು ಹತ್ತಿದ್ದು ವಾಚನಾಲಯದಲ್ಲಿ. ಹೋದ ವರ್ಷ ಅಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು, ಉತ್ತರ ಆಫ್ರಿಕಾದ ಹಳೆಯ ಮನೆಗಳ ಫೋಟೋ ಇದ್ದದ್ದು. ಹೊರಗಿನಿಂದ ನೋಡಿದರೆ ಕಿಟಕಿಯೇ ಇಲ್ಲದ ಬೋಳು ಗೋಡೆ, ಜೈಲು ಅನ್ನಬೇಕು. ಬಾಗಿಲು ತೆರೆದರೂ ಒಳಗಿನದು ಕಾಣದಂತೆ ಓಣಿ ಒಮ್ಮೆ ತಿರುಗುತ್ತದೆ. ತಿರುಗಿದ ಮೇಲೆ ನಟ್ಟನಡುವೆ ಅಂಗಳ, ಅಂಗಳದ ತುಂಬ ತೋಟ. ಬೀದಿಯವರಿಗೆ ತೋರಿಸುವುದು ಏನೂ ಇಲ್ಲ, ಇರುವುದೆಲ್ಲ ಮನೆಯವರಿಗೆ. ಬರೆದವನ ಇಂಗ್ಲಿಷ್ ನನಗೆ ಅರ್ಧಂಬರ್ಧ ತಿಳಿಯಿತು. ಕಾಲೇಜಿನಲ್ಲಿ ನಮಗೆ ‘ನೆವರ್‌ದಿಲೆಸ್’ ಮತ್ತು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಇವೆರಡನ್ನು ಚೆನ್ನಾಗಿ ಕಲಿಸಿದ್ದರು, ನಡುವಿನ ಪದಗಳನ್ನು ನಾವೇ ಹಾಕಿಕೊಳ್ಳಬೇಕಿತ್ತು. ತಿಳಿದದ್ದು ಇಷ್ಟು: ಮುಸಲ್ಮಾನರ ಹಳೆಯ ತೋಟಗಳು ಬಹಳ ಕಡೆ ನಾಲ್ಕು ಪಾಲಾಗಿರುತ್ತವೆ, ನಡುವೆ ನೀರು, ನೀರಿನಿಂದ ನಾಲ್ಕು ದಿಕ್ಕಿಗೆ ಕಾಲುವೆ. ಸ್ವರ್ಗದಲ್ಲಿ ನಾಲ್ಕು ಬಗೆಯ ಹೊಳೆ ಹರಿಯುತ್ತವಂತೆ: ನೀರು, ಹಾಲು, ಜೇನು, ದ್ರಾಕ್ಷಾರಸ. ನಿನ್ನ ಸಕ್ಕರೆ ಕಾಯಿಲೆಗೆ ಮೊದಲನೆಯದು ಬಿಟ್ಟರೆ ಯಾವುದೂ ಆಗದು.

ಇದನ್ನು ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಮೂವತ್ತೊಂದು ವರ್ಷ ಕಟ್ಟಡದ ಆಫೀಸಿನಲ್ಲಿ ನಕ್ಷೆ ಎಳೆದ ಕೈ, ಅದಕ್ಕೂ ಏನಾದರೂ ಬೇಕಲ್ಲ. ಅಪ್ಪ ಮನೆ ಕಟ್ಟಿಸಿದಾಗಿನ ನೀಲಿ ನಕ್ಷೆ ಟ್ರಂಕಿನ ತಳದಲ್ಲಿತ್ತು. ತೆಗೆದು ಮುಂದಿನ ಕೋಣೆಯ ಊಟದ ಮೇಜಿನ ಮೇಲೆ ಹರಡಿದೆ; ಒಬ್ಬನ ತಟ್ಟೆಗೆ ಮೇಜಿನ ಒಂದು ಮೂಲೆ ಸಾಕು. ಮೂರು ತಿಂಗಳು ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಹಿತ್ತಿಲಿನ ಅಗಲ ನಲವತ್ತೆರಡು ಅಡಿ, ಉದ್ದ ಮೂವತ್ತು. ನಡುವೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಒಂದು ತೊಟ್ಟಿ, ಅದರೊಳಗೆ ಕಲ್ಲಿನ ಬಟ್ಟಲು, ನೀರು ಚಿಮ್ಮುವುದಿಲ್ಲ, ಬಟ್ಟಲು ತುಂಬಿ ಸುತ್ತಲೂ ಸಮನಾಗಿ ಇಳಿಯುತ್ತದೆ. ನಾಲ್ಕು ಬೆರಳಗಲದ ನಾಲ್ಕು ಕಾಲುವೆ. ಕಾಲುವೆಯ ಪಕ್ಕ ನಡೆಯುವ ದಾರಿ ಎತ್ತರ, ಗಿಡದ ಮಡಿ ಒಂದೂವರೆ ಅಡಿ ತಗ್ಗು, ಹಾಗಾಗಿ ಹೂವು ನಮ್ಮ ಕಾಲಿನ ಮಟ್ಟಕ್ಕೆ ಬರುತ್ತದೆ. ಪ್ರತಿ ಪಾಲಿಗೆ ಒಂದು ಕಿತ್ತಳೆ, ಒಂದು ದಾಳಿಂಬೆ, ಅಂಚಿಗೆ ಪುದೀನ, ಗೋಡೆಗೆ ಮಲ್ಲಿಗೆ. ಇನ್ನೂ ಏನೇನೋ ಇತ್ತು. ಟು ಕಟ್ ಎ ಲಾಂಗ್ ಸ್ಟೋರಿ, ಮುಂದಿನ ಪದ ಮರೆತೆ.

ಕೆಲಸಕ್ಕೆ ಸಿಕ್ಕಿದವರನ್ನು ಎಲ್ಲರೂ ಚೂರುಮೇಸ್ತ್ರಿ ಎನ್ನುತ್ತಾರೆ. ಹನ್ನೆರಡು ವರ್ಷ ಸಮುದ್ರದಾಚೆ, ಅಂಥದೇ ಮನೆಗಳ ರಿಪೇರಿಯಲ್ಲಿ ಇದ್ದವರು. ಬಣ್ಣದ ಹೆಂಚನ್ನು ಉಳಿಯಲ್ಲಿ ಚೂರು ಮಾಡಿ, ಚೂರನ್ನು ಬೋರಲಾಗಿ ಜೋಡಿಸಿ, ಹಿಂದಿನಿಂದ ಗಾರೆ ಹೊಯ್ಯುತ್ತಾರೆ. ಜೋಡಿಸುವಾಗ ಚಿತ್ರ ಅವರಿಗೇ ಕಾಣುವುದಿಲ್ಲ. ‘ತಪ್ಪಾಗಿದ್ರೆ ಏನ್ಮಾಡ್ತೀರಿ’ ಅಂದೆ. ‘ಮದುವೆ ಆದೋರು ಏನ್ಮಾಡ್ತಾರೋ ಅದನ್ನೇ’ ಅಂದರು. ಅರವತ್ತು ದಾಟಿದೆ, ಬಾಯಿಗೆ ಮಾತ್ರ ಇಪ್ಪತ್ತು. ಅವರದೊಂದು ಪದ್ಧತಿ ಇದೆ: ಕರಣೆ ಮುಟ್ಟುವ ಮೊದಲು ಒಂದು ದಿನ ಪೂರ್ತಿ ಆ ಜಾಗದಲ್ಲಿ ನೆಲದ ಮೇಲೆ ಕೂರುತ್ತಾರೆ. ತೋಟ ಕೂತವರ ಕಣ್ಣಿಗೆ ಮಾಡುವುದಂತೆ, ನಿಂತು ನೋಡುವವರು ಹೇಗೂ ಹೊರಟುಹೋಗುವವರಂತೆ. ಅವರನ್ನು ಕೂರಿಸಬೇಕೆಂದು ಹಿತ್ತಿಲ ಬಾಗಿಲ ಚಿಲಕ ತೆಗೆದೆ. ಅವಳು ಹೋದ ಮೇಲೆ, ಎರಡು ವರ್ಷಕ್ಕೆ, ಅದೇ ಮೊದಲ ಸಲ. ಬಟ್ಟೆಯನ್ನು ನಾನು ಮುಂದುಗಡೆಯೇ ಒಣಗಹಾಕುತ್ತಿದ್ದೆ.

ಬಾಗಿಲು ತೆರೆದರೆ ಎದುರಿಗೆ ಗೋಡೆ. ಮೇಸ್ತ್ರಿ ನನ್ನ ನಕ್ಷೆ ನೋಡಿದರು, ಗೋಡೆ ನೋಡಿದರು, ನಕ್ಷೆಯನ್ನು ತಲೆಕೆಳಗು ಮಾಡಿ ಮತ್ತೆ ನೋಡಿದರು. ‘ಯಜಮಾನ್ರೇ, ನಿಮ್ಮ ತೊಟ್ಟಿ ಗೋಡೆ ಮೇಲೆ ಹತ್ತಿ ಕೂತಿದೆಯಲ್ಲ, ಕಾಗೆಗಳಿಗೇನು?’ ಅಂದರು. ಅಣ್ಣಾ, ಅಪ್ಪನ ನಕ್ಷೆಯಲ್ಲಿ ಗೋಡೆ ಇಲ್ಲ. ನಾನು ಮೂರು ತಿಂಗಳು ನಿನ್ನ ಪಾಲನ್ನೂ ಸೇರಿಸಿಯೇ ಎಳೆದಿದ್ದೇನೆ. ಸೈಟು ನೋಡದೆ ಗೆರೆ ಎಳೆಯಬೇಡಿ ಎಂದು ಎಷ್ಟು ಜನ ಜೂನಿಯರುಗಳನ್ನು ಬೈದಿದ್ದೇನೋ ಲೆಕ್ಕವಿಲ್ಲ. ಗೋಡೆ ಇದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕಟ್ಟಿಸಿದವನು ನಾನೇ. ಕೈಗೆ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ಆ ಗೋಡೆಯ ದಿನ ನಿನಗೆ ನನಗಿಂತ ಚೆನ್ನಾಗಿ ನೆನಪಿರುತ್ತದೆ. ನಾನು ಆಫೀಸಿನಿಂದ ಟೇಪು ತಂದು ಅಳೆದು ಸುಣ್ಣದ ಗೆರೆ ಹಾಕಿದೆ. ಗೋಡೆ ಎದೆಮಟ್ಟಕ್ಕೆ ಬಂದಾಗ ನೀನು ಕುತ್ತಿಗೆಯಲ್ಲಿದ್ದ ಟೈಲರ್ ಟೇಪನ್ನೇ ತೆಗೆದು, ನೆಲದ ಮೇಲೆ ಗೇಣುಗೇಣಾಗಿ ಸರಿಸಿ ಅಳೆದು, ನನ್ನ ಕಡೆ ಇಪ್ಪತ್ತೇ ಅಡಿ ಬಂತು, ಇನ್ನೊಂದು ಸಲ ಅಳೆ ಎಂದೆ. ನಾಲ್ಕು ಜನ ಹಿರಿಯರು ಕೂತಿದ್ದರು. ‘ಲಂಗ ಅಳೆಯೋ ಟೇಪಲ್ಲಿ ಯಾರಾದ್ರೂ ಸೈಟ್ ಅಳೀತಾರಾ?’ ಎಂದೆ ನಾನು. ಅವರು ನಕ್ಕರು. ನಾನು ಇನ್ನೊಂದು ಸಲ ಅಳೆಯಲಿಲ್ಲ. ಸಂಜೆ ಅವಳು ಕೇಳಿದಳು, ‘ಆ ಒಂದಡೀಲಿ ಏನು ಆನೆ ಕಟ್ತೀರಾ? ಬಿಟ್ಟುಕೊಟ್ಟುಬಿಡಿ’ ಎಂದು. ಅಡಿಯ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ ಎಂದು ಹೇಳಿದೆ. ಪ್ರೊಫೆಶನಲ್ ಆನರ್ ಎಂದೂ ಸೇರಿಸಿದೆ.

ಮತ್ತೆ ಮೇಸ್ತ್ರಿಗೆ ಬರುತ್ತೇನೆ. ನಾನು ನಕ್ಷೆ ಮಡಚಿದೆ, ಅರ್ಧಕ್ಕೇ ಏನಾದರೂ ಮಾಡಿ ಎಂದೆ. ಆಗುತ್ತದಂತೆ. ಆ ಕಡೆ ಚಿಕ್ಕ ಮನೆಗಳಲ್ಲಿ ಗೋಡೆಗೇ ಹೆಂಚಿನ ಚಿತ್ರ ಅಂಟಿಸಿ, ಅದಕ್ಕೊಂದು ನಲ್ಲಿ, ಕೆಳಗೆ ಅರ್ಧ ತೊಟ್ಟಿ ಇಡುತ್ತಾರಂತೆ. ಆದರೆ ಅರ್ಧ ಮಾಡುವುದಕ್ಕೂ ಪೂರ್ತಿಯ ನಡು ಗೊತ್ತಿರಬೇಕು ಎಂದು ಅವರ ಹಟ. ನಡು ಹಿಡಿಯದೆ ಒಂದು ಹೆಂಚನ್ನೂ ಇಡುವವರಲ್ಲ. ಹಿತ್ತಿಲಿನ ನಾಲ್ಕು ಮೂಲೆಗೂ ಎತ್ತರದ ಕೋಲು ಕಟ್ಟಿ, ಮೂಲೆಯಿಂದ ಮೂಲೆಗೆ ಎರಡು ದಾರ ಎಳೆದು, ಅವು ಕತ್ತರಿಸಿದ ಕಡೆಯಿಂದ ತೂಗುಗುಂಡು ಇಳಿಬಿಟ್ಟರೆ ಅದೇ ನಡು. ಅದಕ್ಕಾಗಿ ಅವರು ಏಣಿ ಹಾಕಿ ನಿನ್ನ ಕಡೆಗೆ ಇಳಿಯಬೇಕಾಯಿತು. ನಿನ್ನನ್ನು ಕೇಳಲಿಲ್ಲ, ಅದಕ್ಕೆ ಕ್ಷಮೆ ಇರಲಿ. ನಾನು ಇಳಿಯಲಿಲ್ಲ, ಏಣಿಯ ಮೇಲಿನಿಂದ ನೋಡಿದೆ ಅಷ್ಟೆ. ನಿನ್ನ ಪಾಲು ಮೊಣಕಾಲೆತ್ತರ ಹುಲ್ಲು. ಒಗೆಯುವ ಕಲ್ಲು ಹಾಗೇ ಇದೆ. ಅಡುಗೆಮನೆಯ ಕಿಟಕಿಯ ಒಂದು ಗಾಜು ಒಡೆದು ಒಳಗೆ ಹಕ್ಕಿ ಓಡಾಡುತ್ತಿದೆ. ರಟ್ಟು ಬಡಿಸಿದ್ದೇನೆ.

ದಾರ ಎಳೆದದ್ದು ಶನಿವಾರ. ನಡು ಸಿಕ್ಕಿತು. ಮೇಸ್ತ್ರಿ ಬಹಳ ಖುಷಿಯಾಗಿ ‘ಎಲ್ಲಾರಿಗೂ ಈ ಅದೃಷ್ಟ ಇರಲ್ಲ ಬಿಡಿ’ ಅಂದರು. ನಾನು ಕೆಲಸ ನಿಲ್ಲಿಸಿ ಎಂದೆ. ಭಾನುವಾರ, ಸೋಮವಾರ, ಇವತ್ತು, ಕೆಲಸವಿಲ್ಲ. ಅವರು ಮಾತ್ರ ತಪ್ಪದೆ ಬಂದು ನೆಲದ ಮೇಲೆ ಕೂತು ನನ್ನ ಟೀ ಕುಡಿಯುತ್ತಾರೆ. ನರ್ಸರಿಯವನು ನಾಲ್ಕು ಕಿತ್ತಳೆ ಸಸಿ ತಂದು ಇಳಿಸಿ ಹೋಗಿದ್ದಾನೆ. ನನ್ನ ಕಡೆಗೆ ಎರಡು ಸಾಕು, ನಾಲ್ಕೂ ಚೀಲದಲ್ಲೇ ಇವೆ, ದಿನಕ್ಕೊಂದು ಚೊಂಬು ನೀರು ಹಾಕುತ್ತಿದ್ದೇನೆ. ಇಲ್ಲಿ ಹವೆ ಚೆನ್ನಾಗಿದೆ. ಬೆಳಗಿನ ಬಿಸಿಲು ಮೆಟ್ಟಿಲಿನ ಮೇಲೆ ಹತ್ತು ಗಂಟೆಯವರೆಗೆ ಇರುತ್ತದೆ, ಆಮೇಲೆ ಗೋಡೆಯ ಆಚೆ ಹೋಗುತ್ತದೆ.

ಇನ್ನೇನೂ ವಿಶೇಷವಿಲ್ಲ. ಕಣ್ಣಿಗೆ ಹೊತ್ತು ಹೊತ್ತಿಗೆ ಔಷಧಿ ಬಿಟ್ಟುಕೋ. ಅತ್ತಿಗೆಗೆ ನನ್ನ ನಮಸ್ಕಾರ, ಅವರ ಕಾರ್ಡನ್ನು ಜೋಪಾನವಾಗಿ ಇಟ್ಟಿದ್ದೇನೆಂದು ಹೇಳು. ಮಗಳಿಗೂ ಅವಳ ಮಕ್ಕಳಿಗೂ ಚಿಕ್ಕಪ್ಪನ, ಚಿಕ್ಕಜ್ಜನ ಆಶೀರ್ವಾದ. ಮಕ್ಕಳು ನನ್ನನ್ನು ನೋಡಿಲ್ಲ, ಆದರೂ ಆಶೀರ್ವಾದಕ್ಕೆ ಅಡ್ಡಿಯಿಲ್ಲ. ನಿನಗೆ ನಮಸ್ಕಾರಗಳು.

ನಿನ್ನ
ತಮ್ಮ

ಕೊನೆಗೆ ಒಂದು ಮಾತು: ಇದನ್ನು ಮೊದಲೇ ಬರೆಯಬೇಕಿತ್ತು. ಲಕೋಟೆಗೆ ಅಂಟು ಹಚ್ಚುವ ಮುಂಚೆ ಬರೆಯುತ್ತಿದ್ದೇನೆ, ಅಕ್ಷರ ಚಿಕ್ಕದಾಗಿದೆ, ಅತ್ತಿಗೆಗೆ ಕೊಡು. ತೂಗುಗುಂಡು ಗೋಡೆಯ ಮೇಲೆ ಇಳಿಯಲಿಲ್ಲ. ಗೋಡೆಗಿಂತ ಒಂದು ಗೇಣು ಈಚೆ, ನನ್ನ ಕಡೆಯ ಮಣ್ಣಿನ ಮೇಲೆ ಬಂದು ನಿಂತಿತು. ಗೋಡೆಯ ನಡುಗೆರೆಯಿಂದ ಅಳೆದರೆ ಸರಿಯಾಗಿ ಒಂದಡಿ. ಮೂರು ಸಲ ಇಳಿಬಿಟ್ಟೆವು. ನೀನು ಹೇಳಿದ್ದೇ ಸರಿ. ಹೇಗಾಯಿತೆಂದು ಮೂರು ದಿನ ಕೂತು ಯೋಚಿಸಿದೆ. ನಮ್ಮ ಆಫೀಸಿನ ಬಟ್ಟೆ ಟೇಪಿನ ತುದಿ ಹರಿದು ಹೋಗಿತ್ತು. ಅದಕ್ಕೆ ನಾವೆಲ್ಲ ಒಂದಡಿಯ ಗುರುತನ್ನು ಗೋಡೆಗೆ ಹಿಡಿದು, ಲೆಕ್ಕದಲ್ಲಿ ಒಂದಡಿ ಸರಿಮಾಡಿಕೊಳ್ಳುತ್ತಿದ್ದೆವು. ಅವತ್ತು ನಿನ್ನ ಕಡೆಯಿಂದ ಅಳೆದೆ, ಒಂದಡಿಯ ಗುರುತನ್ನೇ ಹಿಡಿದೆ, ಇಪ್ಪತ್ತೆರಡರಲ್ಲಿ ಹಾಕಬೇಕಾದ ಗೆರೆಯನ್ನು ಇಪ್ಪತ್ತೊಂದರಲ್ಲಿ ಹಾಕಿದೆ. ಸೊನ್ನೆಯಿಂದ ಅಳೆಯುವ ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ.

ಗೋಡೆ ಪೂರ್ತಿಯಾಗಿ ನಿನ್ನ ಜಾಗದಲ್ಲಿ ನಿಂತಿದೆ, ಆದ್ದರಿಂದ ಅದು ನಿನ್ನದು. ಗೋಡೆ ಇರಲಿ ಎಂದರೆ ಒಂದಡಿ ಈಚೆಗೆ ಕಟ್ಟಿಸಿಕೊಡುತ್ತೇನೆ, ತೋಟ ಬೇಡ. ಗೋಡೆಯೇ ಬೇಡ ಎಂದರೆ ಕೆಡವಿಸುತ್ತೇನೆ, ತೋಟದ ನಾಲ್ಕು ಪಾಲೂ ಆಗುತ್ತದೆ. ಮೇಸ್ತ್ರಿಗೆ ಎಲ್ಲ ಹೇಳಿದೆ. ಕಾಗದದ ಒಪ್ಪಿಗೆ ಅವರಿಗೆ ಸಾಲದಂತೆ, ‘ಗೋಡೆ ಯಜಮಾನ್ರೇ ಬಂದು ಹೇಳ್ಲಿ, ಅಲ್ಲೀವರೆಗೂ ನಾನು ಇಟ್ಟಿಗೆ ಮುಟ್ಟಲ್ಲ’ ಎನ್ನುತ್ತಾರೆ. ಬಾ. ಅವತ್ತು ಆಡಿದ ಮಾತನ್ನು ಅದೇ ಹಿರಿಯರ ಮುಂದೆ ವಾಪಸ್ ತೆಗೆದುಕೊಳ್ಳುತ್ತೇನೆ. ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಉಳಿದಿಬ್ಬರಿಗೆ ನಿನ್ನೆ ಹೋಗಿ ಹೇಳಿ ಬಂದಿದ್ದೇನೆ, ಯಾವ ದಿನ ಕರೆದರೂ ಬರುತ್ತಾರೆ. ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ. ಜೋರಾಗಿಯೇ ಹೇಳುತ್ತೇನೆ.