ಜೀರಿಗೆಯ ರಕ್ತದ ರಿಪೋರ್ಟು

ವರ್ತಕ ನಗರ,
ಸೋಮವಾರ ಬೆಳಿಗ್ಗೆ

ವನಮಾಲಕ್ಕನಿಗೆ,

ನೀವು ಬಾಗಿಲು ತೆರೆಯದ್ದರಿಂದ ಇದನ್ನು ಬರೆದು ಬಾಗಿಲ ಕೆಳಗಿನಿಂದ ತೂರಿಸುತ್ತಿದ್ದೇನೆ. ನಿಮ್ಮ ಬೆಕ್ಕು ಜೀರಿಗೆಯ ರಕ್ತದಲ್ಲಿ ರೋಗದೊಡನೆ ಹೋರಾಡುವ ಆಂಟಿಬಾಡಿ ಹೆಚ್ಚಿದೆ ಎಂಬ ರಿಪೋರ್ಟು ನೋಡಿ, "ಇದು ರೋಗವನ್ನು ಗೆದ್ದಿದೆ, ಇಂಜೆಕ್ಷನ್ ಎಲ್ಲ ಕಂಪನಿಗಳ ಲೂಟಿ" ಎಂದು ಯಾವುದೋ ಕರಪತ್ರ ನಂಬಿ ಹೇಳಿದವನು ನಾನೇ. ನಿಮ್ಮ ಯಜಮಾನರು ರಮಾಕಾಂತಣ್ಣ ಅಂದೇ ನಕ್ಕಿದ್ದರು: "ಎಂತ ಮಾರಾಯಾ, ಕರಪತ್ರ ಓದಿ ಡಾಕ್ಟ್ರಾದದ್ದಾ?" ನಾನು ಅವರ ಮೇಲೆ ರೇಗಿದೆ.

ನಿನ್ನೆ ರಿಪೋರ್ಟು ಹಿಡಿದು ಒಬ್ಬನೇ ಪಶುವೈದ್ಯರ ಮನೆಗೆ ಹೋದೆ. ಅವರು ಚಿತ್ರ ಬಿಡಿಸಿ ತೋರಿಸಿದರು. ಬೆಕ್ಕುಗಳಿಗೆ ಬರುವ ಈ ವೈರಸ್ ರೋಗದಲ್ಲಿ ಆಂಟಿಬಾಡಿ ತಾಗಿದೊಡನೆ, ಸೋಂಕಿತ ಜೀವಕೋಶ ತನ್ನ ಮೈಮೇಲಿನ ವೈರಸ್ ಪ್ರೋಟೀನುಗಳನ್ನು ಒಳಗೆಳೆದುಕೊಳ್ಳಬಲ್ಲದಂತೆ. ಆಗ ದೇಹಕ್ಕೆ ಅದರ ಗುರುತು ಸಿಗುವುದಿಲ್ಲ. ವೈರಸ್ ಒಳಗೇ ಬೆಳೆಯುತ್ತದೆ. ನಾನು ಗೆಲುವು ಎಂದು ಓದಿದ್ದು ಇದನ್ನು. ನನ್ನ ಮಾತು ನಂಬಿ ನೀವು ಇಂಜೆಕ್ಷನ್ ಕೊಡಿಸದೆ ಹದಿನೈದು ದಿನ ಕಾದಿರಿ. ಈಗ ಜೀರಿಗೆಯ ಹೊಟ್ಟೆಯಲ್ಲಿ ನೀರು ತುಂಬಿದೆ.

ಔಷಧಿ ಇದೆ, ಇವತ್ತೇ ಶುರುವಾಗಬೇಕು. ಕ್ಲಿನಿಕ್ ಹತ್ತಕ್ಕೆ ತೆರೆಯುತ್ತದೆ. ರಿಕ್ಷಾ ತಂದು ಗೇಟಿನ ಬಳಿ ನಿಲ್ಲಿಸಿರುತ್ತೇನೆ. ನನ್ನ ಜೊತೆ ಮಾತಾಡುವುದು ಬೇಡ. ನೀವು ಜೀರಿಗೆಯನ್ನು ಎತ್ತಿಕೊಂಡು ಹತ್ತಿದರೆ ಸಾಕು, ನಾನು ಹಿಂದಿನಿಂದ ನಡೆದು ಬರುತ್ತೇನೆ.

ಇಂತಿ,
ಮೂರನೇ ಮಾಳಿಗೆಯ ಕಶ್ಯಪ