ನೀನು ಇದ್ದು ನೋಡಿದ ಕೊನೆಯ ಮನೆ

ಅಮ್ಮಾ,

ಬಾಣಸವಾಡಿಯಿಂದ ಪಕ್ಕದ ಹೊರಮಾವಿಗೆ ಯಾರಾದರೂ ಕಾಗದ ಬರೆಯುತ್ತಾರಾ? ಫೋನ್ ಮಾಡಿದರೆ ಮಾತು ನೀನೇ ಶುರುಮಾಡುತ್ತಿದ್ದೆ, ನೀನೇ ಮುಗಿಸುತ್ತಿದ್ದೆ. ನನ್ನ ಪಾಲಿಗೆ ಬರುತ್ತಿದ್ದದ್ದು ಬರೀ ‘ಹೂಂ’. ಈಗ ನಿನಗೊಂದು ಸುದ್ದಿ ಮುಟ್ಟಿಸುವುದಿದೆ. ಬೇರೆ ದಾರಿ ತೋಚಲಿಲ್ಲ.

ನಮ್ಮ ಸೊಪ್ಪಿನ ತೋಟದ ಜಾಗದಲ್ಲಿ ಮೊದಲ ಬಾಡಿಗೆ ಮನೆ ಎದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹಾಲುಕ್ಕಿಸಿದ ಮಾರನೇ ದಿನ ನೀನು ಚಾಪೆ, ಸ್ಟೌ, ಪಾತ್ರೆ ಹೊತ್ತುಕೊಂಡು ಅಲ್ಲಿಗೆ ಹೊರಟೆ. “ಏನೇ, ಗಂಡನ್ ಮನೆ ಬಿಟ್ಟು ಹೊಂಟ್ಯಾ?” ಎಂದು ಅಪ್ಪ ರೇಗಿಸಿದರು. “ಒಂದ್ ವಾರ ಇದ್ದು ನೋಡ್ತೀನಿ. ನಾನು ಇರಕ್ಕಾಗ್ದಿರೋ ಮನೇಲಿ ಇನ್ನೊಬ್ರನ್ನ ಹೆಂಗೆ ಇರ್ಸ್ಲಿ?” ಅಂದೆ. ಅಡಿಗೆ ಮನೆಯಲ್ಲಿ ಹೊಗೆ ನಿಲ್ಲುತ್ತದೆ ಅಂತ ನಿನಗೆ ಗೊತ್ತಾದದ್ದು ಹಾಗೆ. ಕಟ್ಟಿದ ಗೋಡೆ ಒಡೆಸಿ ಕಿಟಕಿ ಇಡಿಸಿದೆ. ಆಮೇಲಿನ ಮನೆಗಳಿಗೂ ಅದೇ ರೂಢಿಯಾಯಿತು: ಮೊದಲು ನಿನ್ನ ಚಾಪೆ, ಆಮೇಲೆ ಟು-ಲೆಟ್ ಬೋರ್ಡು. ಬೀದಿಯವರು ನಗುತ್ತಿದ್ದರು. ನೀನೂ ಅವರ ಜೊತೆ ನಗುತ್ತಿದ್ದೆ, ರೂಢಿ ಮಾತ್ರ ಬಿಡುತ್ತಿರಲಿಲ್ಲ.

ಅಪ್ಪ ಹೋದ ಮೇಲೆ, ಉಳಿದಿದ್ದ ಕಟ್ಟಕಡೆಯ ತುಂಡು ಜಾಗದಲ್ಲಿ ತಮ್ಮ ಮಂಜ ಮನೆ ಕಟ್ಟಿಸಿದ. ಮಂಡಿನೋವು ಇಟ್ಟುಕೊಂಡು ಈ ಸಲ ಬೇಡ ಅಂದರೂ ನೀನು ಕೇಳಲಿಲ್ಲ. ಒಂದು ಸಂಜೆ ಅಲ್ಲಿಂದಲೇ ಫೋನ್ ಮಾಡಿದೆ. “ಮನೆ ಚೆನ್ನಾಗೈತೆ ಕಣಮ್ಮಿ. ಆದ್ರೆ ಒಂದ್ ಕೆಲ್ಸ ಬಾಕಿ ಐತೆ. ಭಾನುವಾರ ಬರ್ತೀಯಲ್ಲ, ಆವಾಗ ತೋರಿಸ್ತೀನಿ.” ಭಾನುವಾರದ ತನಕ ನೀನು ಇರಲಿಲ್ಲ. ಬೆಳಿಗ್ಗೆ ಕಾಫಿ ತಂದ ಮಂಜ ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಕೊನೆಗೆ ಒಡೆದ. ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಜೀವ ಮನೆಯಲ್ಲೇ ಹೋಗಿತ್ತಂತೆ. ನಿನ್ನನ್ನು ಅಲ್ಲಿಂದ ನೇರ ಹಳೆಯ ಮನೆಗೆ ತಂದೆವು.

ನಕ್ಷತ್ರ ನೋಡಿದ ಪುರೋಹಿತರು, ಜೀವ ಹೋದ ಮನೆಯನ್ನು ಮೂರು ತಿಂಗಳು ಮುಚ್ಚಿಡಬೇಕು ಅಂದರು. ಮಂಜ ಬೀಗ ಹಾಕಿದ. ಅಷ್ಟು ದಿನವೂ ನನಗೆ ಒಂದೇ ಯೋಚನೆ. ಏನು ಬಾಕಿ ಇತ್ತು? ಫೋನಿನಲ್ಲೇ ಹೇಳಿಬಿಡಬಾರದಿತ್ತಾ? ನಾನಾದರೂ ಒತ್ತಾಯ ಮಾಡಿ ಕೇಳಿದ್ದರೆ...

ಬೀಗ ತೆಗೆದ ದಿನ ರಜ ಹಾಕಿ ಚಾಪೆ ಹಿಡಿದುಕೊಂಡು ಹೋದೆ. “ನಿಂಗೂ ಅಮ್ಮನ್ ಹುಚ್ಚು ಹತ್ಕೊಂತಾ? ಧಾರವಾಡದೋರು ಈ ವಾರ ಬಾಡಿಗೆಗೆ ಬಂದ್ಬಿಡ್ತಾರೆ” ಎಂದು ಮಂಜ ಗೊಣಗಿದ. ಎಲ್ಲ ನಲ್ಲಿ ತಿರುಗಿಸಿದೆ, ಎಲ್ಲ ಕಿಟಕಿ ತೆಗೆದೆ, ನೀನು ಮಲಗಿದ್ದ ಕಡೆಯೇ ಮಲಗಿದೆ. ಒಂದು ಕೊರತೆಯೂ ಕಾಣಲಿಲ್ಲ. ನಿನ್ನ ತಲೆಗೂದಲಿನ ಒಂದು ಎಳೆ ಗೋಡೆಯಂಚಿನಲ್ಲಿ ಸಿಕ್ಕಿತು. ಕೂತು ಅತ್ತೆ.

ಮಾರನೇ ದಿನ ಮಧ್ಯಾಹ್ನ ಜೋರು ಮಳೆ ಹಿಡಿಯಿತು. ಒಳಗೆ ಒಂದು ಹನಿ ಸೋರಲಿಲ್ಲ. ಆದರೆ ಗೋಡೆಯಾಚೆ ಯಾರೋ ನೀರು ಮೊಗೆದು ಚೆಲ್ಲುವ ಸದ್ದು. ಹೋಗಿ ನೋಡಿದರೆ ತಗ್ಗಿನಲ್ಲಿ ಒಂದು ಶೀಟಿನ ಮನೆ. ಎರಡು ಕಾರು ನಿಲ್ಲಲಿ ಅಂತ ಮಂಜ ಅಂಗಳಕ್ಕೆಲ್ಲ ಸಿಮೆಂಟು ಬಳಿಸಿದ್ದನಲ್ಲ, ಅಲ್ಲಿನ ನೀರೆಲ್ಲ ನಮ್ಮ ಗೇಟಿನಡಿಯಿಂದ ನುಗ್ಗಿ ಆ ಮನೆಯ ಹೊಸಿಲು ದಾಟುತ್ತಿತ್ತು. ಅಲ್ಲಿ ಬಾಡಿಗೆಗಿರುವ ಸೆಲ್ವಿ, ಬೆನ್ಸನ್ ಟೌನಿನ ಮನೆಗಳಲ್ಲಿ ಅಡಿಗೆ ಕೆಲಸದವಳು, ಸೀರೆ ಎತ್ತಿ ಕಟ್ಟಿ ನಿಂತಿದ್ದಳು.

“ಮೊದ್ಲು ಅಲ್ಲಿ ಮಣ್ಣಿತ್ತಕ್ಕಾ, ನೀರು ಕುಡ್ಕೊಂಡ್ಬಿಡ್ತಿತ್ತು. ನಮ್ ಓನರ್‌ಗೆ ಹೇಳಿದ್ರೆ ಖಾಲಿ ಮಾಡು ಅಂತಾರೆ. ನಿಮ್ಮನೆ ಅಜ್ಜಿ ಒಬ್ರು ಇಲ್ಲಿಗೇ ಬಂದು ನೀರಲ್ಲಿ ನಿಂತು ನೋಡಿದ್ರು. ಇನ್ಮೇಲೆ ನೀರು ಬರ್ದಂಗೆ ಮಾಡ್ತೀನಿ, ಇದು ನನ್ ಮಾತು ಅಂದ್ರು. ನಾನು ಪೈತ್ಯಗಾರಿ, ಹುಚ್ಚಿ, ನಂಬ್ಬಿಟ್ಟೆ. ಬೀಗ ಹಾಕ್ಕೊಂಡು ಹೋದೋರು ತಿರುಗಿ ನೋಡ್ಲಿಲ್ಲ. ಪ್ರತಿ ಮಳೆಗೂ ಬೈತೀನಿ ಅವ್ರನ್ನ.”

ನೀನು ತೀರಿಕೊಂಡದ್ದು ಅವಳಿಗೆ ಗೊತ್ತೇ ಇರಲಿಲ್ಲ ಅಮ್ಮ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಹೇಳಿದ್ದರೆ ಪಾಪ ಅಂತ ಮನ್ನಿಸಿಬಿಡುತ್ತಿದ್ದಳು. ಸತ್ತವರನ್ನು ಯಾರು ತಾನೇ ಮನ್ನಿಸುವುದಿಲ್ಲ? ನನಗೆ ಅದು ಬೇಕಿರಲಿಲ್ಲ. ನೀನು ಆಡಿದ ಮಾತು ನಡೆಯಬೇಕಿತ್ತು. ಅವಳ ಕೈಯಿಂದ ಬಕೆಟ್ ತೆಗೆದುಕೊಂಡು ನಾನೂ ನೀರು ಮೊಗೆದೆ.

ಅಂದು ಸಂಜೆ ಮಂಜನ ಜೊತೆ ಜಗಳವೇ ಆಯಿತು. “ನಮ್ ನೀರು ರಸ್ತೆಗೆ ಹೋಗುತ್ತೆ. ಆ ಮನೆ ತಗ್ಗಲ್ಲಿದ್ರೆ ನಾನೇನ್ ಮಾಡ್ಲಿ? ಪಾರ್ಕಿಂಗ್ ಒಡೆದ್ರೆ ಬಾಡಿಗೆಗೆ ಯಾರ್ ಬರ್ತಾರೆ?” ಅಂದ. “ಅಮ್ಮ ಮಾತು ಕೊಟ್ಟಿದ್ಲು ಕಣೋ. ಮಳೆ ಬಂದಾಗೆಲ್ಲ ಬೈಸ್ಕೊಂತಿದಾಳೆ” ಅಂದೆ. ಅವನು ಮುಖ ತಿರುಗಿಸಿಕೊಂಡ. ಮಾರನೇ ದಿನ ಸಿಮೆಂಟು ಒಡೆಯುವವರನ್ನು ಅವನೇ ಕರೆದುಕೊಂಡು ಬಂದ. ಅಂಗಳದ ತಗ್ಗಿನ ಮೂಲೆಯಲ್ಲಿ ಆಳವಾಗಿ ಇಂಗುಗುಂಡಿ ತೋಡಿಸಿ ಜಲ್ಲಿ ತುಂಬಿಸಿದೆವು. ತಾರಸಿಯ ಪೈಪನ್ನೂ ಅದಕ್ಕೇ ತಿರುಗಿಸಿದೆವು. ಧಾರವಾಡದವರಿಗೆ ಒಂದೇ ಕಾರಿಗೆ ಜಾಗ ಅಂತ ಅಳುಕುತ್ತಲೇ ಹೇಳಿದರೆ, ಬಾಡಿಗೆಗೆ ಬಂದ ಹುಡುಗಿ “ಅಡ್ಡಿಯಿಲ್ರಿ, ನಮಗರ ಎಲ್ಲಿ ಎರಡು ಕಾರ್ ಅದಾವ?” ಎಂದು ನಕ್ಕಳು.

ನಿನ್ನೆ ಮತ್ತೆ ಮಳೆ ಬಂತು. ಆಟೋ ಹಿಡಿದು ಓಡಿಹೋದೆ. ಅಂಗಳದ ಹಸಿ ಮಣ್ಣು ನೀರು ಹೀರುತ್ತಿತ್ತು, ಗುಂಡಿಯೊಳಕ್ಕೆ ಗುಳುಗುಳು ಅಂತ ಇಳಿಯುತ್ತಿತ್ತು. ಸೆಲ್ವಿ ಬಾಗಿಲು ಪೂರ್ತಿ ತೆರೆದಿಟ್ಟು ನೆಲದ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದಳು.

“ಅಜ್ಜಿಗೆ ಹೇಳಿ ಅಕ್ಕಾ. ಬೈದಿದ್ದು ಮನಸ್ಸಲ್ಲಿ ಇಟ್ಕೋಬೇಡಿ ಅಂತ. ಒಂದ್ಸಲ ಬಂದು ನೋಡ್ಕೊಂಡು, ಕಾಫಿ ಕುಡ್ಕೊಂಡು ಹೋಗ್ಲಿ.”

ಈಗಲಾದರೂ ಹೇಳಬೇಕಿತ್ತು. “ಹೇಳ್ತೀನಿ” ಅಂತಷ್ಟೇ ಅಂದು ಬಂದುಬಿಟ್ಟೆ. ನಾಳೆ ಹೋಗಿ ನಿಜ ತಿಳಿಸುತ್ತೇನೆ, ಅವಳ ಕಾಫಿಯನ್ನು ನಾನೇ ಕುಡಿಯುತ್ತೇನೆ. ಅದಕ್ಕೆ ಮೊದಲು ಅವಳಿಗೆ ಒಪ್ಪಿಕೊಂಡದ್ದನ್ನು ಮಾಡುತ್ತಿದ್ದೇನೆ. ಕೇಳು ಅಮ್ಮ: ಮಳೆ ಬಂತು, ಸೆಲ್ವಿಯ ಮನೆಯೊಳಗೆ ನೀರು ಬರಲಿಲ್ಲ.

ನಿನ್ನ ಮಗಳು