ನನ್ನ ಸೊಸೆಗೆ ಸರ್ಕಾರ ಕೊಟ್ಟ ಅಣ್ಣ

ಕನಿಷ್ಠ ಕೂಲಿ ತನಿಖಾಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನನ್ನು ನೋಡಿಲ್ಲ. ನೋಡಿದ್ದರೆ ಮರೆಯುತ್ತಿರಲಿಲ್ಲ. ನಾನು ಲಾಂಡ್ರಿ ಬೀದಿಯ ಕೊನೆಯ ಮನೆಯ ಹಿರಿಯಳು. ಗಂಡ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈ ಒಡ್ಡದೆ ಮಕ್ಕಳನ್ನು ಬೆಳೆಸಿದವಳು. ಹೈಸ್ಕೂಲು ಮುಗಿಸಿದ್ದೇನೆ, ಒಳ್ಳೆಯ ಅಂಕಗಳಲ್ಲಿ. ನಮ್ಮ ಬೀದಿಯಲ್ಲಿ ನಲ್ಲಿಯ ಹತ್ತಿರ ಜಗಳವಾದರೆ ಜನ ಪೊಲೀಸರನ್ನು ಕರೆಯುವ ಮೊದಲು ನನ್ನ ಬಾಗಿಲು ತಟ್ಟುತ್ತಾರೆ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಇರಬಹುದು. ಮುಖ್ಯ ಮಾತು ಏನೆಂದರೆ, ನನ್ನ ಮನೆಯ ಸಂಬಂಧಗಳನ್ನು ಇಲ್ಲಿಯವರೆಗೆ ನಾನೇ ಹುಡುಕಿ, ನಾನೇ ವಿಚಾರಿಸಿ, ನಾನೇ ಒಪ್ಪಿ ತಂದಿದ್ದೇನೆ. ಹೀಗಿರುವಾಗ ನೀವು ನನ್ನನ್ನು ಒಂದು ಮಾತೂ ಕೇಳದೆ ನನ್ನ ಹಿರಿಯ ಸೊಸೆಗೆ ಒಬ್ಬ ಅಣ್ಣನನ್ನು ದಯಪಾಲಿಸಿದ್ದೀರಿ. ಅದೇ ನನ್ನ ದೂರು.

ಓದುವವರಿಗೆ ತಿಳಿಯಲಿ ಎಂದು ವಿವರಿಸುತ್ತೇನೆ. ನನ್ನ ಸೊಸೆ ನಮ್ಮ ಬೀದಿಯ ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಆಸ್ಪತ್ರೆ, ಹೋಟೆಲು, ಸರ್ಕಾರಿ ಕಚೇರಿಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ಅವಳ ಕೆಲಸ ಬಿಸಿ ರೋಲರಿನ ಬಾಯಿಗೆ ಬೆಡ್‌ಶೀಟು ಕೊಡುವುದು, ಆ ಕಡೆಯಿಂದ ಬಂದದ್ದನ್ನು ಜೊತೆಗಾತಿಯೊಂದಿಗೆ ಹಿಡಿದು ಮಡಿಸುವುದು. ಇಬ್ಬರೂ ಎರಡೆರಡು ತುದಿ ಹಿಡಿದು ದೂರ ನಿಲ್ಲುತ್ತಾರೆ, ಜಗ್ಗುತ್ತಾರೆ, ಹತ್ತಿರ ಬಂದು ತುದಿಗೆ ತುದಿ ಸೇರಿಸುತ್ತಾರೆ, ಮತ್ತೆ ದೂರ ಹೋಗುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಇದೇ. ಮನೆಗೆ ಬಂದ ಮೇಲೂ ಮಾತಾಡುತ್ತಾ ಮಾತಾಡುತ್ತಾ ಎರಡು ಹೆಜ್ಜೆ ಮುಂದೆ ಬಂದು ಎರಡು ಹೆಜ್ಜೆ ಹಿಂದೆ ಹೋಗುತ್ತಾಳೆ. ಈ ಕೆಲಸಕ್ಕೆ ಸರ್ಕಾರ ಇಷ್ಟು ಕೂಲಿ ಎಂದು ನಿಗದಿ ಮಾಡಿದೆ. ಅವಳ ಕೈಗೆ ಬರುವುದು ಅದರ ಅರ್ಧಕ್ಕಿಂತ ಚೂರು ಮೇಲೆ. ರೋಲರು ಅವಳ ಮುಂಗೈ ಸುಟ್ಟಾಗ ಲಾಂಡ್ರಿಯ ಸಾಹುಕಾರರು, ಮನೆಯಲ್ಲಿ ಅಡುಗೆ ಮಾಡುವಾಗ ಸುಟ್ಟುಕೊಳ್ಳುವುದಿಲ್ಲವೇ ಎಂದು ಸಮಾಧಾನ ಹೇಳಿ ಆ ದಿನದ ಕೂಲಿ ಹಿಡಿದುಕೊಂಡರು. ಕೂಲಿ ಹೆಚ್ಚು ಮಾಡಿ ಎಂದು ಯಾರಾದರೂ ಬಾಯಿ ತೆರೆದರೆ ಅವರದು ಒಂದೇ ಉತ್ತರ: "ಛೇ, ಕೂಲಿ ಅನ್ನಬೇಡ್ರಮ್ಮಾ. ನಾವೆಲ್ಲಾ ಒಂದೇ ಮನೆಯವರು."

ಸುಟ್ಟ ಕೈ ನೋಡಿದ ದಿನ ನಾನೇ ನಿಮಗೆ ದೂರು ಬರೆದೆ. ಅಕ್ಷರ ದುಂಡಗಿತ್ತು, ನಿಮಗೆ ನೆನಪಿರಬಹುದು. ನೀವು ಬಂದಿರಿ. ಬರುವುದಕ್ಕೆ ಮೊದಲು ಸಾಹುಕಾರರಿಗೆ ಫೋನು ಮಾಡಿದಿರಿ. ಹೇಳದೆ ಕೇಳದೆ ಹೋಗುವುದು ಸಭ್ಯರ ಲಕ್ಷಣವಲ್ಲ, ನಿಜ. ಕಳ್ಳರನ್ನು ಹಿಡಿಯುವವರು ನಿಮ್ಮಷ್ಟು ಸಭ್ಯರಲ್ಲದ್ದರಿಂದಲೇ ಜೈಲುಗಳು ತುಂಬಿಹೋಗಿವೆ ಅನ್ನಿಸುತ್ತದೆ. ಅಲ್ಲಿ ನಡೆದದ್ದನ್ನು ನನ್ನ ಸೊಸೆ ತಟ್ಟೆಯ ಮುಂದೆ ತಲೆ ತಗ್ಗಿಸಿ ಹೇಳಿದಳು. ಅವಳು ಬಿಟ್ಟದ್ದನ್ನು ಅವಳ ಜೊತೆ ಬಟ್ಟೆ ಮಡಿಸುವ ಉದ್ದಮ್ಮ ತುಂಬಿಸಿದಳು. ಎತ್ತರಕ್ಕೆ ಬಿದ್ದ ಹೆಸರು ಅದು, ನಾಲಿಗೆಗೂ ಒಪ್ಪುತ್ತದೆ.

ಮನೆಯವರೇ ಸೇರಿ ನಡೆಸುವ ಕಸುಬಿಗೆ ಕೂಲಿಯ ಕಾನೂನು ತಾಗುವುದಿಲ್ಲ ಎಂದು ಸಾಹುಕಾರರಿಗೆ ಯಾರೋ ಪುಣ್ಯಾತ್ಮರು ಹೇಳಿಕೊಟ್ಟಿದ್ದರಂತೆ. ಯಾರು ಎಂದು ನಾನು ಊಹಿಸುವುದಿಲ್ಲ. ಫೋನಿನಲ್ಲಿ ಮುಖ ಕಾಣುವುದಿಲ್ಲ. ನೀವು ಒಳಗೆ ಬಂದ ಕೂಡಲೇ ಅವರು ನನ್ನ ಸೊಸೆಯ ಹೆಗಲ ಮೇಲೆ ಕೈಯಿಟ್ಟು ಇವಳು ನನ್ನ ತಂಗಿ ಎಂದರು. ಉದ್ದಮ್ಮ ಚಿಕ್ಕಮ್ಮಳಾದಳು. ಟವೆಲು ಎಣಿಸುವ ಮುದುಕಿ ಅವರ ಅತ್ತಿಗೆಯಾದಳು. ಒಗೆಯುವ ಡ್ರಮ್ಮಿನ ಹತ್ತಿರ ತಾಯಿ ಮಗಳು ಇಬ್ಬರೂ ಕೆಲಸ ಮಾಡುತ್ತಾರೆ. ಗಾಬರಿಯಲ್ಲಿ ಸಾಹುಕಾರರು ತಾಯಿಯನ್ನು ತಮ್ಮ ಅಣ್ಣನ ಮಗಳೆಂದೂ, ಮಗಳನ್ನು ತಮ್ಮ ಸೋದರತ್ತೆಯೆಂದೂ ಪರಿಚಯಿಸಿದರು. ಹೆತ್ತ ತಾಯಿ ನಿಂತ ನಿಲುವಿನಲ್ಲಿ ಮಗಳಿಗೆ ಮೊಮ್ಮಗಳಾದಳು. ಇನ್ನೂ ಕೂದಲಿಗೆ ರಿಬ್ಬನ್ನು ಕಟ್ಟುವ ಹುಡುಗಿ ಸೋದರತ್ತೆ ಹೇಗಾದಳು ಎಂದು ನೀವು ಕೇಳಲಿಲ್ಲ. ಬರೆದುಕೊಂಡಿರಿ. ಹೆಂಗಸರು ಏಕೆ ಸುಮ್ಮನಿದ್ದರು ಎಂದು ಈಗ ಕೇಳಬಹುದು. ನಿಮ್ಮ ಬೆನ್ನ ಹಿಂದೆ ಸಾಹುಕಾರರು ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ನಿಮ್ಮ ಬೆನ್ನಿಗೆ ಕಣ್ಣಿಲ್ಲದ್ದು ನಿಮ್ಮ ತಪ್ಪಲ್ಲ, ತಿರುಗಿ ನೋಡದ್ದು ನಿಮ್ಮ ತಪ್ಪು.

ಆಮೇಲೆ ನಿಮಗೆ ಒಂದು ಅನುಮಾನ ಬಂತು. ಅದಕ್ಕೆ ನಿಮ್ಮನ್ನು ಮೆಚ್ಚಲೇಬೇಕು. ಇಷ್ಟು ದೊಡ್ಡ ಲಾಂಡ್ರಿಯಲ್ಲಿ ಒಬ್ಬರೂ ಕೆಲಸದವರಿಲ್ಲ ಎಂದು ಬರೆದರೆ ಮೇಲಿನವರು ಏನನ್ನುತ್ತಾರೆ ಎಂದಿರಂತೆ. ಅಷ್ಟರಲ್ಲಿ ಸಾಹುಕಾರರ ಹೆಂಡತಿ, ಕೈಹಿಡಿದ ಹೆಂಡತಿ, ಗಂಡನ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ಸಾಹುಕಾರರ ಬಳಿ ಸಂಬಂಧಗಳು ಮುಗಿದಿದ್ದವೋ ಏನೋ, ಆಕೆಯ ಕಡೆ ಬೆರಳು ಮಾಡಿ, ಇವಳೊಬ್ಬಳು ಕೆಲಸದವಳು ಸ್ವಾಮಿ, ಎಂದುಬಿಟ್ಟರು. ಆಕೆ ತಲೆಬುಡ ತಿಳಿಯದೆ ನಕ್ಕರು. ನಿಮ್ಮ ಕಚೇರಿಯಿಂದ ನನಗೆ ಬಂದ ಉತ್ತರದಲ್ಲಿ ಹೀಗಿದೆ: "ಸದರಿ ಘಟಕವು ಕುಟುಂಬದ ಸದಸ್ಯರಿಂದಲೇ ನಡೆಯುತ್ತಿದ್ದು, ಒಬ್ಬ ಕೆಲಸದಾಕೆ ಮಾತ್ರ ಇರುತ್ತಾಳೆ. ಆಕೆಯು ಸಂತೃಪ್ತಳಾಗಿ ಕಂಡುಬಂದಳು." ಸದರಿ ಘಟಕದ ಆಕೆ ಕಳೆದ ಒಂದು ತಿಂಗಳಿಂದ ಎಷ್ಟು ಸಂತೃಪ್ತಳಾಗಿದ್ದಾಳೆ ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಕಚೇರಿಗೆ ಬಂದೆ. ನೀವು ಇರಲಿಲ್ಲ, ನಿಮ್ಮ ಕುರ್ಚಿ ಇತ್ತು. ಅದರ ಬೆನ್ನಿಗೆ ಹಾಕಿದ ಬಿಳಿ ಟವೆಲು ನೋಡಿದೆ. ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಅದು ಯಾರ ಕೈಯ ಗೆರೆ ಎಂದು ನನಗೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಒರೆಸುವ ಬಟ್ಟೆಯೂ ಹಾಗೆಯೇ ಮಡಿಸಿರುತ್ತದೆ. ಪಕ್ಕದ ಮೇಜಿನ ಗುಮಾಸ್ತರು ನನ್ನ ಮಾತು ಪೂರ್ತಿ ಕೇಳಿದರು. ಕೇಳಿ, "ಅಮ್ಮಾ, ಇದು ಅಣ್ಣ ತಂಗಿ ಜಗಳ. ಮನೆ ಜಗಳ ನಮ್ಮ ಇಲಾಖೆಗೆ ಬರಲ್ಲ" ಎಂದರು. ಅವರು ಅಣ್ಣ ತಂಗಿಯಲ್ಲ ಎಂದೆ. ವರದಿಯಲ್ಲಿ ಹಾಗಿದೆ ಎಂದರು. ವರದಿ ಸುಳ್ಳು ಎಂದೆ. ಹಾಗಾದರೆ ಅವರು ಅಣ್ಣ ತಂಗಿಯಲ್ಲ ಅನ್ನುವುದಕ್ಕೆ ಪುರಾವೆ ತನ್ನಿ ಎಂದರು. ನೀವೇ ಹೇಳಿ ಸ್ವಾಮಿ, ಯಾರಾದರೂ ತನಗೆ ಯಾರು ಅಣ್ಣನಲ್ಲ ಎಂದು ಪುರಾವೆ ಇಟ್ಟುಕೊಂಡಿರುತ್ತಾರೆಯೇ? ಆ ಗುಮಾಸ್ತರು ನನ್ನ ತಮ್ಮನಲ್ಲ ಎನ್ನುವುದಕ್ಕೂ ನನ್ನ ಬಳಿ ಪುರಾವೆ ಇರಲಿಲ್ಲ. ಹಾಗೆಂದು ಅವರ ಊಟದ ಡಬ್ಬಿಯಲ್ಲಿ ಅರ್ಧ ನನಗೆ ಕೊಟ್ಟರೇ?

ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ನಾನು ಸರ್ಕಾರದ ಮಾತು ಮೀರುವವಳಲ್ಲ. ಸರ್ಕಾರ ಅವರನ್ನು ಅಣ್ಣ ತಂಗಿ ಎಂದ ಮೇಲೆ ಮುಗಿಯಿತು. ನನ್ನ ಸೊಸೆ ಅವರ ತಂಗಿಯಾದರೆ ನನ್ನ ಮಗ ಅವರಿಗೆ ಭಾವಮೈದ, ನಾನು ಆ ಮನೆಗೆ ಬೀಗಿತ್ತಿ. ಬೀಗಿತ್ತಿಯಾದವಳು ಒಮ್ಮೆಯಾದರೂ ಸಂಬಂಧಿಕರ ಮನೆಗೆ ಹೋಗದಿದ್ದರೆ ಜನ ಏನೆಂದುಕೊಂಡಾರು? ಸೊಸೆಯನ್ನು ಕರೆದು, ಟ್ರಂಕು ತೆಗೆ, ನಿನ್ನ ತವರಿಗೆ ಹೋಗೋಣ ಎಂದೆ. ಅವಳು ಹುಟ್ಟಿದಾಗಿನಿಂದ ಒಂಟಿ, ಒಡಹುಟ್ಟಿದವರಿಲ್ಲ. ನನಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದಳು. ಆದರೆ ಟ್ರಂಕು ತೆಗೆದಳು. ಅತ್ತೆ ಹೇಳಿದ್ದನ್ನು ನಮ್ಮ ಮನೆಯಲ್ಲಿ ಎರಡು ಸಲ ಕೇಳುವ ರೂಢಿಯಿಲ್ಲ.

ಬಾಗಿಲು ತೆಗೆದದ್ದು ಸಾಹುಕಾರರ ಹೆಂಡತಿ. ಯಜಮಾನಿಯವರು ಒಳ್ಳೆಯವರೋ ಕೆಟ್ಟವರೋ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾವು ಬೀಗರು, ಕೆಲವು ದಿನ ಇದ್ದು ಹೋಗಲು ಬಂದಿದ್ದೇವೆ ಎಂದೆ. ಆಕೆ ನನ್ನ ಮುಖ, ಟ್ರಂಕು, ಸೊಸೆಯ ಸುಟ್ಟ ಕೈಯ ಪಟ್ಟಿ, ಮೂರನ್ನೂ ನೋಡಿದರು. ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟು ಹೇಳಿದರು: "ನನ್ನನ್ನ ಯಾಕೆ ಕೇಳ್ತೀರಿ ಅಮ್ಮಾವ್ರೇ? ನೀವು ಮನೆಯವರು. ನಾನು ಕೆಲಸದವಳು."

ಆ ಮನೆಯ ಹಜಾರದಲ್ಲಿ ಸೋಫಾದ ಮೇಲಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ. ಗಾಜಿನ ಬೀರುವಿನಲ್ಲಿ ಯಾರೂ ಕುಡಿಯದ ಕಪ್ಪುಗಳಿವೆ. ನಾನು ಪ್ಲಾಸ್ಟಿಕ್ಕು ತೆಗೆಸಿದೆ, ಕಪ್ಪು ಇಳಿಸಿದೆ. ಮಾರನೆಯ ದಿನ ಚಿಕ್ಕಮ್ಮ ಉದ್ದಮ್ಮ ಮಕ್ಕಳ ಸಮೇತ ಬಂದಳು. ಅತ್ತಿಗೆ ಮುದುಕಿ ಬಂದು ಫ್ಯಾನಿನ ಕೆಳಗಿನ ಮಂಚ ಹಿಡಿದಳು. ರಿಬ್ಬನ್ನಿನ ಸೋದರತ್ತೆ ಬಂದು, ತನ್ನ ಮೊಮ್ಮಗಳಾದ ತಾಯಿಗೆ ನೀರು ತಂದುಕೊಡು ಎಂದು ಸಾಹುಕಾರರಿಗೇ ಹೇಳಿದಳು. ಊಟಕ್ಕೆ ಕೂತರೆ ಹಜಾರ ಸಾಲದೆ ವರಾಂಡದವರೆಗೆ ಸಾಲು. ಅಡುಗೆಗೆ ಎಲ್ಲರೂ ಕೈಹಾಕಿದರು, ಸಾಹುಕಾರರ ಹೆಂಡತಿ ಒಬ್ಬರನ್ನು ಬಿಟ್ಟು. ಆಕೆ ಕುರ್ಚಿ ಹಾಕಿಕೊಂಡು ಕೂತು, ತನ್ನ ಕೆಲಸದ ಹೊತ್ತು ಮುಗಿಯಿತು, ಹೆಚ್ಚಿಗೆ ಹೊತ್ತಿಗೆ ಕಾನೂನಿನಂತೆ ಎರಡರಷ್ಟು ಕೊಟ್ಟರೆ ಏಳುತ್ತೇನೆ ಎಂದು ಗಂಡನಿಗೆ ಮೆಲ್ಲಗೆ ತಿಳಿಸಿದರು. ಸಂತೃಪ್ತಳಾಗಿಯೇ ಕಂಡುಬಂದರು. ಈ ಒಂದು ಮಾತಿನಲ್ಲಿ ನಿಮ್ಮ ವರದಿ ಸರಿ.

ಸಾಹುಕಾರರು ಮೊದಲು ನಕ್ಕರು. ಆಮೇಲೆ ಗದರಿದರು. ಅಣ್ಣನಾದವನು ತಂಗಿಯ ಅತ್ತೆಯನ್ನು ಗದರುತ್ತಾನೆಯೇ ಎಂದು ಕೇಳಿದ ಮೇಲೆ ದನಿ ಇಳಿಸಿದರು. ಕೊನೆಗೆ ನನ್ನ ಎದುರು ಸ್ಟೂಲಿನ ಮೇಲೆ ಕೂತರು, ಸೋಫಾದಲ್ಲಿ ಜಾಗವಿರಲಿಲ್ಲ.

"ಅಮ್ಮಾ, ಅದೇನೋ ಕಾಗದಕ್ಕೆ ಅಂದಿದ್ದು. ಅದನ್ನೇ ಹಿಡ್ಕೊಂಡು ಕೂತ್ರೆ ಹೆಂಗೆ?"

"ನಾನೇನಪ್ಪಾ ಮಾಡ್ಲಿ. ಸಾಹೇಬರು ಬರೆದುಬಿಟ್ಟಿದಾರೆ."

"ನಿಮ್ಮ ಸೊಸೆಗೆ ಒಂದಿಷ್ಟು ಕೈಗೆ ಕೊಟ್ಬಿಡ್ತೀನಿ. ಟ್ರಂಕು ತಗೊಂಡು ಹೊರಡಿ."

"ಅದು ಕೂಲಿನೋ, ಅಣ್ಣ ಕೊಡೋ ಉಡುಗೊರೆನೋ?"

ಅವರು ಕೂಲಿ ಎಂದರೆ ನಿಮ್ಮ ಮುಂದೆ ಹೇಳಿದ್ದು ಸುಳ್ಳಾಗುತ್ತದೆ. ಉಡುಗೊರೆ ಎಂದರೆ ಉಳಿದ ಅತ್ತಿಗೆ, ಚಿಕ್ಕಮ್ಮ, ಸೋದರತ್ತೆಯರೆಲ್ಲ ಸಾಲಾಗಿ ಕೂತಿದ್ದಾರೆ. ಆಗ ನಾನು ಸೊಸೆಯ ಕಡೆ ತಿರುಗಿ, ನಿನಗೇನು ಬೇಕೋ ನೀನೇ ಹೇಳು ಎಂದೆ. ಒಪ್ಪಿಕೊಳ್ಳುತ್ತೇನೆ, ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲು. ಹೇಳುವ ಅಗತ್ಯ ಅದುವರೆಗೆ ಕಂಡಿರಲಿಲ್ಲ. ಅವಳು ಅಭ್ಯಾಸದಂತೆ ಎರಡು ಹೆಜ್ಜೆ ಮುಂದೆ ಬಂದಳು. ಈ ಸಲ ಹಿಂದೆ ಹೋಗಲಿಲ್ಲ.

"ನಂಗೆ ಅಣ್ಣ ಬೇಡ," ಎಂದಳು. "ಚಿಕ್ಕೋಳಿದ್ದಾಗ ಬೇಕಿತ್ತು. ಈಗ ಕೂಲಿ ಸಾಕು. ಕಾನೂನಲ್ಲಿ ಎಷ್ಟಿದೆಯೋ ಅಷ್ಟು. ನಾನು ಇಲ್ಲಿ ಕೆಲಸ ಮಾಡ್ತೀನಿ ಅಂತ ಬರೀಬೇಕು, ಅಷ್ಟೇ."

ಸಾಹುಕಾರರು ನೆಲ ನೋಡುತ್ತಾ, ತಾವು ಕೊಡಲು ಸಿದ್ಧ, ಆದರೆ ಮೊದಲು ತನಿಖಾಧಿಕಾರಿಗಳು ಬರೆದದ್ದು ತಿದ್ದಬೇಕು, ಇಲ್ಲದಿದ್ದರೆ ಸರ್ಕಾರಕ್ಕೆ ಸುಳ್ಳು ಹೇಳಿದ ಕೇಸು ಬೀಳುತ್ತದೆ ಎಂದರು. ಅಂದರೆ, ಮಾನ್ಯರೇ, ಕೊಡಬೇಕಾದವರು ಒಪ್ಪಿದ್ದಾರೆ, ಪಡೆಯಬೇಕಾದವರು ಕಾಯುತ್ತಿದ್ದಾರೆ. ಕಾನೂನನ್ನು ಕಾಯಬೇಕಾದವರು ಅಡ್ಡ ನಿಂತಿದ್ದಾರೆ. ಬಡವರ ಕೂಲಿ ತಪ್ಪಿಸಲು ಒಬ್ಬ ಕೆಟ್ಟ ಸಾಹುಕಾರ ಸಾಕು ಎಂದು ನಾನು ತಿಳಿದಿದ್ದೆ. ಅವನ ಮಾತನ್ನು ತಿರುಗಿ ನೋಡದೆ ಬರೆದುಕೊಳ್ಳುವ ಒಬ್ಬ ಸಭ್ಯ ಅಧಿಕಾರಿಯೂ ಬೇಕಾಗುತ್ತದೆ ಎಂದು ಈಗ ತಿಳಿಯಿತು. ನೀವು ಒಂದು ಗಂಟೆ ನಿಂತು ಆ ಕೆಲಸ ನೋಡಿದ್ದರೆ ಸಾಕಿತ್ತು. ಸ್ವಂತ ತಂಗಿಯನ್ನು ಯಾವ ಅಣ್ಣ ಸಂಜೆಯವರೆಗೆ ಕೂರಲು ಬಿಡದೆ ನಿಲ್ಲಿಸುತ್ತಾನೆ? ಚಿಕ್ಕಮ್ಮ ಬಾತ್‌ರೂಮಿಗೆ ಹೋಗಿ ಬರಲು ತಡವಾದರೆ ಯಾವ ಮನೆಯಲ್ಲಿ ಕೂಲಿ ಹಿಡಿಯುತ್ತಾರೆ? ನಿಮ್ಮ ಮನೆಯಲ್ಲಿ ಹಿಡಿಯುತ್ತಾರೆಯೇ?

ಆದ್ದರಿಂದ ಆ ಮನೆಯ ಹಿರಿಯಳಾಗಿ ನಾನು ತೀರ್ಮಾನ ಕೊಟ್ಟೆ. ನಿಮ್ಮ ವರದಿಯ ಪ್ರಕಾರ ಲಾಂಡ್ರಿ ಕುಟುಂಬದ್ದು. ಕುಟುಂಬದಲ್ಲಿ ಹಿರಿಯರ ಮಾತು ನಡೆಯಬೇಕು. ನಮ್ಮೆಲ್ಲರಲ್ಲಿ ಹಿರಿಯಳು ನಾನು. ಟವೆಲು ಎಣಿಸುವ ಅತ್ತಿಗೆ ನನಗಿಂತ ಸ್ವಲ್ಪ ದೊಡ್ಡವಳು, ಆದರೆ ಅವಳು ವಯಸ್ಸು ಹೇಳುವುದಿಲ್ಲ. ಮೊನ್ನೆ ಬೆಳಿಗ್ಗೆ ಆಸ್ಪತ್ರೆಯ ಬಟ್ಟೆಯೆಲ್ಲ ಒಗೆಸಿ, ಮಡಿಸಿ ಕಳಿಸಿಕೊಟ್ಟೆ. ರೋಗಿಗಳು ಯಾವ ವರದಿಯನ್ನೂ ಬರೆದಿಲ್ಲ. ಹೋಟೆಲಿನದೂ ಕಳಿಸಿದೆ. ಆಮೇಲೆ ಡ್ರಮ್ಮು ನಿಲ್ಲಿಸಿ, ರೋಲರು ತಣ್ಣಗಾಗಲು ಬಿಟ್ಟು, ಲಾಂಡ್ರಿಗೆ ಬೀಗ ಹಾಕಿಸಿದೆ. ಸಾಹುಕಾರರು ಬೀಗದ ಕೈಗೆ ಕೈ ಚಾಚಿದರು. ಅವರ ಹೆಂಡತಿ ಅದನ್ನು ತಂದು ನನ್ನ ಅಂಗೈಯಲ್ಲಿಟ್ಟು, "ಇಂಥದ್ದೆಲ್ಲ ಮನೆಯವರ ಹತ್ರ ಇರ್ಬೇಕು ಅಮ್ಮಾವ್ರೇ, ಕೆಲಸದವರ ಮುಂದೆ ಬಿಡಬಾರದು" ಎಂದರು. ಈಗ ಅದು ನನ್ನ ಸೊಂಟದಲ್ಲಿದೆ.

ಒಳಗೆ ಉಳಿದಿರುವುದು ಒಂದೇ ಗಂಟು: ನಿಮ್ಮ ಕಚೇರಿಯದು. ಪರದೆಗಳು, ಮೇಜಿನ ಹೊದಿಕೆ, ನಿಮ್ಮ ಕುರ್ಚಿಯ ಬೆನ್ನಿನ ಟವೆಲುಗಳು. ಒಗೆದಿದ್ದೇವೆ. ಮಡಿಸಿಲ್ಲ. ಅದನ್ನು ಜವಾನನ ಕೈಗೆ ಕೊಡುವುದಿಲ್ಲ, ನೀವೇ ಬರಬೇಕು. ಫೋನು ಮಾಡದೆ ಬರಬೇಕು. ಬಂದು ನಿಮ್ಮ ಪರದೆಯ ಎರಡು ತುದಿ ನೀವು ಹಿಡಿಯಿರಿ, ಎರಡು ತುದಿ ನನ್ನ ಸೊಸೆ ಹಿಡಿಯುತ್ತಾಳೆ. ಹಿಂದೆ ಹೋಗಿ, ಜಗ್ಗಿ, ಮುಂದೆ ಬನ್ನಿ. ಗಂಟು ಮುಗಿಯುವವರೆಗೆ ಮಡಿಸಿ. ಮುಗಿದ ಮೇಲೆ ಅವಳ ಎದುರೇ ನಿಂತು, ಅವಳು ಯಾರೆಂದು ಬರೆಯಿರಿ. ತಂಗಿ ಎಂದು ಬರೆದರೆ ನಾವು ಈ ಮನೆಯಲ್ಲೇ ಇರುತ್ತೇವೆ, ಆಸ್ತಿಯ ಪಾಲಿನ ವಿಚಾರ ಮುಂದಿನ ಪತ್ರದಲ್ಲಿ ಬರೆಯುವ ಶ್ರಮ ನನಗಿಲ್ಲ, ವಕೀಲರು ಬರೆಯುತ್ತಾರೆ. ಕೆಲಸದವಳು ಎಂದು ಬರೆದರೆ, ಆ ಕ್ಷಣವೇ ಬೀಗ ತೆಗೆಯುತ್ತೇನೆ, ಟ್ರಂಕು ಎತ್ತುತ್ತೇನೆ.

ಅಲ್ಲಿಯವರೆಗೆ ನೀವು ಬರಿಯ ಕುರ್ಚಿಗೆ ಒರಗಿ ಕೂರಬೇಕು. ಬೆನ್ನಿಗೆ ಸ್ವಲ್ಪ ಒತ್ತಬಹುದು. ತಿರುಗಿ ನೋಡುವ ಅಭ್ಯಾಸವಾದರೂ ಆಗಲಿ.

ಇಂತಿ,
ನಿಮ್ಮ ವರದಿಯ ಪ್ರಕಾರ ಸಾಹುಕಾರರ ಬೀಗಿತ್ತಿ,
ನಿಜಕ್ಕೆ ನಿಮ್ಮ ಟವೆಲು ಮಡಿಸುವವಳ ಅತ್ತೆ